ಗಡಿಯಲ್ಲಿ ನಿಂತ ಬೊಂಬೆ ರೈಲು

ನ್ಯೂರೆಂಬರ್ಗ್‌ನ ಆಟಿಕೆ ಮೇಳ 1950ರಿಂದ ನಡೆಯುತ್ತಿದೆ. ತುಂಬಾ ದೊಡ್ಡದು. ಗದ್ದಲವೂ ಜಾಸ್ತಿ, ಯಾವ ಮೂಲೆಗೆ ಹೋದರೂ ಬ್ಯಾಟರಿ ಹಾಕಿದ ಪ್ಲಾಸ್ಟಿಕ್ ಕಿರುಚುತ್ತಿರುತ್ತದೆ. ಪ್ರೆಟ್ಜೆಲ್ ಚೆನ್ನಾಗಿತ್ತು. ಮೇಳದ ಬಗ್ಗೆ ನನ್ನ ಮಾತು ಇಷ್ಟೇ. ಬರೆಯಬೇಕು ಅನ್ನಿಸಿದ್ದು ಅದು ಮುಗಿದ ಮೇಲೆ, ವ್ಯಾನಿನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೊರಟು ವೈಲ್ ಆಮ್ ರೈನ್ ಗಡಿಯಲ್ಲಿ ನಿಂತ ಮಧ್ಯಾಹ್ನದ ಬಗ್ಗೆ.

ಜೊತೆಯಲ್ಲಿ ಚನ್ನಪಟ್ಟಣದ ಹಿರಿಯ ಕೆಲಸಗಾರರೊಬ್ಬರು ಇದ್ದರು. ನಾನು ಅವರನ್ನು ಅಣ್ಣ ಅಂತಲೇ ಕರೆಯುವುದು. ಪೆಟ್ಟಿಗೆ ತುಂಬ ಅವರು ಕಡೆದ ಆಲೆ ಮರದ ಬೊಂಬೆಗಳು, ಬುಗುರಿಗಳು, ಗಿಲಕಿಗಳು, ಒಂದು ಮರದ ರೈಲು. ಎಲ್ಲಾ ತೋರಿಸಲು ಮಾತ್ರ, ಮಾರಲು ಅಲ್ಲ. ಇಂಥ ಸರಕಿಗೆ ಎಟಿಎ ಕಾರ್ನೆಟ್ ಎಂಬ ಕಾಗದದ ಕಟ್ಟು ಬೇಕು. ನಮ್ಮಲ್ಲಿ ಅದನ್ನು ಕೊಡುವುದು ವಾಣಿಜ್ಯ-ಕೈಗಾರಿಕೆಗಳ ಒಕ್ಕೂಟವಾದ ಫಿಕ್ಕಿ. ಬ್ಯಾಂಕ್ ಗ್ಯಾರಂಟಿಯಂಥ ಭದ್ರತೆ ಇಡಬೇಕು. ಒಂದು ವರ್ಷದೊಳಗೆ ಹೋದದ್ದೆಲ್ಲಾ ವಾಪಸ್ ಬಂದರೆ ಹೊರದೇಶದಲ್ಲಿ ಸುಂಕವಿಲ್ಲ. ಬರದಿದ್ದರೆ ಸುಂಕದ ಬಿಲ್ಲು ಹಿಂಬಾಲಿಸಿಕೊಂಡು ಬರುತ್ತದೆ. ಹಳದಿ ಹಾಳೆ ನಮ್ಮ ದೇಶದಿಂದ ಹೋಗಿ ಬರಲು, ಬಿಳಿ ಹಾಳೆ ಬೇರೆ ದೇಶಕ್ಕೆ ಹೊಕ್ಕು ಹೊರಡಲು. ಜರ್ಮನಿ ಯೂರೋಪ್ ಒಕ್ಕೂಟದಲ್ಲಿದೆ, ಸ್ವಿಟ್ಜರ್ಲೆಂಡ್ ಇಲ್ಲ. ಹಾಗಾಗಿ ಗಡಿಯಲ್ಲಿ ಎರಡು ಮುದ್ರೆ: ಇವರು ಬಿಟ್ಟೆವು ಅನ್ನಬೇಕು, ಅವರು ಒಳಗೆ ಬಿಟ್ಟೆವು ಅನ್ನಬೇಕು.

ಜರ್ಮನ್ ಅಧಿಕಾರಿ ಪೆಟ್ಟಿಗೆ ಬಿಚ್ಚಿಸಿದರು. ಪೆನ್ಸಿಲ್ ಹಿಡಿದು ಕಾರ್ನೆಟ್‌ನ ಸಾಮಾನು ಪಟ್ಟಿಗೆ ತಾಳೆ ಹಾಕುತ್ತಾ ಒಂದೊಂದನ್ನೇ ಎಣಿಸಿದರು. ಬುಗುರಿ ಸರಿ, ಗಿಲಕಿ ಸರಿ. ರೈಲಿಗೆ ಬಂದು ನಿಂತರು.

"ಪಟ್ಟಿಯಲ್ಲಿ ರೈಲು ಒಂದು. ಇಲ್ಲಿ ನಾಲ್ಕು ಇದೆ."

ಎಂಜಿನ್ನು, ಮೂರು ಡಬ್ಬಿ. ಪೆಟ್ಟಿಗೆಯೊಳಗೆ ಕೊಂಡಿ ಕಳಚಿ ಬಿದ್ದಿದ್ದವು. ಬೆಂಗಳೂರಿನಲ್ಲಿ ನಮ್ಮ ಏಜೆಂಟು ಪಟ್ಟಿಯಲ್ಲಿ ಬರೀ "ಮರದ ರೈಲು" ಅಂತ ಬರೆದಿದ್ದ. ವಿವರ ಹಾಕಪ್ಪಾ ಅಂದರೆ, "ಯಾರೂ ಎಣಿಸಲ್ಲ ಮೇಡಂ" ಅಂದಿದ್ದ. ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಕಾರ್ನೆಟ್ ಕೊಟ್ಟ ಮೇಲೆ ಪಟ್ಟಿಗೆ ಹೊಸದಾಗಿ ಏನೂ ಸೇರಿಸುವಂತಿಲ್ಲ. ನೀವು ಹೋಗುವುದಾದರೆ "ಎಂಜಿನ್ ಒಂದು, ಡಬ್ಬಿ ಮೂರು, ಸೇರಿ ಒಂದು ಸೆಟ್" ಅಂತ ಬರೆಸಿ, ಫೋಟೋನೂ ಇಟ್ಟುಕೊಳ್ಳಿ. ಹಂಚಲು ಒಯ್ಯುವ ಕರಪತ್ರ, ತಿಂಡಿಗಳು ಕಾರ್ನೆಟ್‌ಗೆ ಸೇರುವುದಿಲ್ಲ. ಅವುಗಳ ಲೆಕ್ಕವೇ ಬೇರೆ.

ನಾನು ಇಂಗ್ಲಿಷಿನಲ್ಲಿ ವಿವರಿಸುತ್ತಲೇ ಇದ್ದೆ. ಅವರು ಪಟ್ಟಿ ನೋಡುತ್ತಲೇ ಇದ್ದರು.

"ಏನಂತಮ್ಮಾ ಅವರದು?" ಅಂದರು ಅಣ್ಣ.

"ನಾಲ್ಕು ಸಾಮಾನು ಅಂತಾರೆ ಅಣ್ಣಾ."

"ಡಬ್ಬಿ ಬಿಟ್ಟು ರೈಲು ಎಲ್ಲಾದ್ರೂ ಉಂಟಾ? ಸ್ವಲ್ಪ ಜಾಗ ಬಿಡು."

ಮೇಜಿನ ಮೇಲೆ ಕೊಂಡಿಗೆ ಕೊಂಡಿ ಸಿಕ್ಕಿಸಿದರು. ಎಂಜಿನ್ ಹಿಡಿದು ಅಧಿಕಾರಿಯ ಕಡೆಗೆ ಎಳೆದರು. ಮೂರು ಡಬ್ಬಿಯೂ ಹಿಂದೆ ಹೊರಟವು. ಅಣ್ಣ ಒಂದು ಬೆರಳೆತ್ತಿ, "ಒನ್" ಅಂದರು. ಅಧಿಕಾರಿ ತಾವೂ ಒಂದು ಸಲ ಎಳೆದು ನೋಡಿದರು. ಆಮೇಲೆ ಮರ ಮೂಸಿ, ಬಣ್ಣ ಯಾವುದು ಅಂತ ಕೇಳಿದರು. ಅರಗು ಅಂತ ತಿಳಿಸಿ ಹೇಳಲು ಬಹಳ ಹೊತ್ತು ಬೇಕಾಯಿತು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಹತ್ತಿಕೊಳ್ಳುತ್ತದೆ ಎಂಬುದನ್ನು ಅಣ್ಣ ಅವರದೇ ಪೆನ್ಸಿಲ್ ತಿರುಗಿಸಿ ತೋರಿಸಿದರು. ಹಿಂದೆ ಲಾರಿ ಡ್ರೈವರುಗಳ ಸಾಲು ಬೆಳೆಯುತ್ತಿತ್ತು. ಕೊನೆಗೆ ಮುದ್ರೆ ಬಿತ್ತು. ಪಕ್ಕದ ಸ್ವಿಸ್ ಕೌಂಟರಿನವರು ಅಷ್ಟೇನೂ ಕಾಡಲಿಲ್ಲ.

ಬಾಸೆಲ್‌ನಲ್ಲಿ ಅಂಗಡಿಯೊಡತಿಗೆ ಆ ರೈಲೇ ಬೇಕಾಯಿತು. ದುಡ್ಡೂ ತೆಗೆದರು. ಪಟ್ಟಿಯಲ್ಲಿದೆ, ಕೊಡುವಂತಿಲ್ಲ ಅಂದೆ. ಕೈಗೆ ಬಂದ ಗಿರಾಕಿಯನ್ನು ಹೀಗೆ ಕಳಿಸುವುದೆಂದರೆ ಅಣ್ಣನಿಗೆ ಸಂಕಟ. ಆಕೆ ಆರ್ಡರ್ ಬರೆದುಕೊಟ್ಟರು, ಅದು ಮುಂದೆ ಸುಂಕ ಕಟ್ಟಿಯೇ ಹೋಗಬೇಕು. ಊರು ಸೊಗಸಾಗಿದೆ, ಕಾಫಿ ಮಾತ್ರ ವಿಪರೀತ ದುಬಾರಿ.

ಜೂರಿಕ್ ವಿಮಾನ ನಿಲ್ದಾಣಕ್ಕೆ ಬೇಗ ಹೋದೆವು. ಪೆಟ್ಟಿಗೆ ಚೆಕ್-ಇನ್‌ಗೆ ಕೊಡುವ ಮೊದಲೇ ಕಸ್ಟಮ್ಸ್‌ಗೆ ತೋರಿಸಬೇಕಲ್ವಾ. ಅಣ್ಣ ಮೊದಲೇ ರೈಲಿನ ಕೊಂಡಿ ಸಿಕ್ಕಿಸಿ ಮೇಲೆಯೇ ಇಟ್ಟಿದ್ದರು. ಅಲ್ಲಿನವರು ಪೆಟ್ಟಿಗೆ ಮುಟ್ಟಲೇ ಇಲ್ಲ. ಚೀಟಿ ಹರಿದುಕೊಂಡು ಮುದ್ರೆ ಒತ್ತಿದರು.

"ಬಿಚ್ಚಿ ನೋಡಲ್ವಂತಾ?" ಅಂತ ಅಣ್ಣ ವಿಮಾನ ಹತ್ತುವವರೆಗೂ ಗೊಣಗಿದರು.