ಬಯಲು ಎಂದರೆ ಯಾವ ಬಯಲು?

ಚಳ್ಳಕೆರೆಯವರು ‘ಬಯಲು’ ಎನ್ನುವುದಕ್ಕೂ ಪುತ್ತೂರಿನವರು ‘ಬೈಲು’ ಎನ್ನುವುದಕ್ಕೂ ಅಜಗಜಾಂತರ. ಬಯಲುಸೀಮೆಯಲ್ಲಿ ಅದು ಮರೆಯಿಲ್ಲದ, ಕಣ್ಣು ಹಾಯುವಷ್ಟು ದೂರ ತೆರೆದ, ಮಳೆಯನ್ನೇ ನಂಬಿದ ನೆಲ. ದಕ್ಷಿಣ ಕನ್ನಡದಲ್ಲಿ ಗುಡ್ಡಗಳ ನಡುವಿನ ತಗ್ಗು, ನೀರು ಬಂದು ಸೇರುವ ಗದ್ದೆಸಾಲು. ಅಲ್ಲಿ ಭತ್ತದ ನೆಲಕ್ಕೆ ಮೂರು ಮಟ್ಟ: ಎಲ್ಲಕ್ಕಿಂತ ಕೆಳಗೆ ಬೈಲು, ಅದರ ಮೇಲೆ ಮಜಲು, ಇನ್ನೂ ಮೇಲೆ ಬೆಟ್ಟು. ನೀರಿನ ಅನುಕೂಲ ಚೆನ್ನಾಗಿರುವ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ, ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಮಳೆಗಾಲದ ಒಂದೇ ಬೆಳೆ. ಊರ ಹೆಸರಿನ ಕೊನೆಗೆ ‘ಬೆಟ್ಟು’ ಇದೆಯೆಂದು ಅಲ್ಲಿ ಬೆಟ್ಟ ಹುಡುಕಿದರೆ ಸಿಗದು. ಆ ಪದ ಹೇಳುತ್ತಿರುವುದು ನೀರು ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದನ್ನು.

ತೆರೆದ ನೆಲದ ಕನ್ನಡ ಪದಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ. ನೆಲ ನೋಡಲು ಹೇಗಿದೆ ಎನ್ನುವುದಕ್ಕಿಂತ ಅಲ್ಲಿ ನೀರು ಏನಾಗುತ್ತದೆ, ಮಣ್ಣು ಎಂಥದ್ದು, ಹುಲ್ಲು–ಸೊಪ್ಪು ಯಾರಿಗೆ ಸೇರಬೇಕು ಎನ್ನುವುದನ್ನೇ ಅವು ಮೊದಲು ಹೇಳುತ್ತವೆ. ಎಲ್ಲಕ್ಕೂ ‘ಮೈದಾನ’ ಅಥವಾ ‘ಪಾಳುಭೂಮಿ’ ಎಂದು ಬರೆದುಬಿಟ್ಟರೆ ಈ ಮಾಹಿತಿ ಅಷ್ಟೂ ಹೋಗುತ್ತದೆ.

ಶಿರಸಿ, ಸಿದ್ದಾಪುರದ ಕಡೆ ‘ನಮ್ಮ ಬೆಟ್ಟ’ ಎಂದರೆ ಹತ್ತುವ ಬೆಟ್ಟವಲ್ಲ, ಸೊಪ್ಪಿನ ಬೆಟ್ಟ. ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೂ ಬೆಟ್ಟ ಬಿಟ್ಟುಕೊಟ್ಟ ವ್ಯವಸ್ಥೆ ಅದು. ಮರ ಕಡಿಯದೆ ರೆಂಬೆಯ ಸೊಪ್ಪು ಕೊಯ್ಯುವುದು, ಬೇಸಿಗೆಯಲ್ಲಿ ದರಕು (ಉದುರಿದ ಒಣ ಎಲೆ) ಗುಡಿಸುವುದು, ಅದನ್ನು ಕೊಟ್ಟಿಗೆಗೆ ಹಾಸಿ ಗೊಬ್ಬರವಾದ ಮೇಲೆ ತೋಟಕ್ಕೆ ಹಾಕುವುದು, ಇಷ್ಟೂ ಆ ಒಂದು ಪದದೊಳಗಿದೆ. ಅದೇ ಸೀಮೆಯ ‘ಬೇಣ’ ಬೇರೆ. ಅದು ಹುಲ್ಲಿನ ನೆಲ. ಮಳೆ ಮುಗಿದು ಹುಲ್ಲು ಬಲಿತ ಮೇಲೆ ಕೊಯ್ದು ಒಣಗಿಸಿದ ಕರಡ ದನಗಳ ಬೇಸಿಗೆ ಮೇವು. ಬೇಣಕ್ಕೆ ಅಕೇಶಿಯಾ ನೆಟ್ಟರೆ ಕೆಲವೇ ವರ್ಷಗಳಲ್ಲಿ ಹುಲ್ಲು ಇಲ್ಲವಾಗುತ್ತದೆ: ಮೇಲೆ ದಟ್ಟ ನೆರಳು, ಕೆಳಗೆ ಬೇಗ ಕೊಳೆಯದ ಎಲೆಯ ಹೊದಿಕೆ. ಆಮೇಲೆ ಅದನ್ನು ಬೇಣ ಎಂದರೂ ಅಷ್ಟೆ, ಬಿಟ್ಟರೂ ಅಷ್ಟೆ.

ಕೊಡಗಿನ ಬಾಣೆ ಭತ್ತದ ಗದ್ದೆಗೆ ಅಂಟಿಕೊಂಡ ನೆಲ. ಮೇವು, ಸೊಪ್ಪು, ಸೌದೆಗೆಂದು ಬಿಟ್ಟದ್ದು. ದಕ್ಷಿಣ ಕನ್ನಡದ ಕುಮ್ಕಿ ಹಳೆಯ ವರ್ಗ ಜಮೀನಿನ (ಖಾಸಗಿ ಹಿಡುವಳಿಯ) ಸುತ್ತ 100 ಗಜದೊಳಗಿನ ಸರ್ಕಾರಿ ಜಾಗ. ಇವೆಲ್ಲ ಆಡುಮಾತಿನ ಪದಗಳಷ್ಟೇ ಅಲ್ಲ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 79ನೇ ಕಲಂ ಕುಮ್ಕಿ, ಬಾಣೆ, ಬೆಟ್ಟ, ಹಾಡಿ, ಕಾನು, ಸೊಪ್ಪಿನ ಬೆಟ್ಟಗಳನ್ನು ಹೆಸರಿಸಿಯೇ ಆ ಸವಲತ್ತುಗಳನ್ನು ಉಳಿಸಿದೆ. ಸವಲತ್ತು ಎಂಬುದನ್ನು ಅಡಿಗೆರೆ ಹಾಕಿ ಓದಬೇಕು. ಕುಮ್ಕಿಯಲ್ಲಿ ಸೊಪ್ಪು ತರಬಹುದು ಎಂದರೆ ಕುಮ್ಕಿ ನಮ್ಮ ಪಟ್ಟಾ ಜಮೀನು ಎಂದಲ್ಲ. ಜಾಗ ಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲೇ.

‘ಕಾವಲು’ ಎಂಬ ಪದವನ್ನೇ ನೋಡಿ. ಕಾದಿರಿಸಿದ ಮೇವಿನ ನೆಲ ಅದು. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಯನ್ನು ಟಿಪ್ಪು ಅಮೃತಮಹಲ್ ಎಂದು ಕರೆದ. ಆ ದನಗಳಿಗಾಗಿ ಚಿಕ್ಕಮಗಳೂರು, ಹಾಸನ, ತುಮಕೂರು, ಚಿತ್ರದುರ್ಗದ ಉದ್ದಕ್ಕೂ ಕಾವಲುಗಳಿದ್ದವು. ಬೇಸಿಗೆಗೆ ಕೆಲವು, ಮಳೆಗಾಲಕ್ಕೆ ಕೆಲವು, ಚಳಿಗಾಲಕ್ಕೆ ಕೆಲವು ಎಂದು ವಿಂಗಡಿಸಿ ದನಗಳನ್ನು ಸಾಗಿಸುತ್ತಿದ್ದರು. ಒಂದು ಕಡೆ ಮೇಯುವಾಗ ಇನ್ನೊಂದು ಕಡೆ ಹುಲ್ಲು ಬೀಜ ಕಟ್ಟಿ ಉದುರಿಸಲು ಬಿಡುವು ಸಿಗುತ್ತಿತ್ತು. ಹೀಗಾಗಿ ಖಾಲಿ ಬಿದ್ದ ಕಾವಲು ನಿರುಪಯೋಗಿ ನೆಲವಲ್ಲ, ಸರದಿಗೆ ಕಾಯುತ್ತಿರುವ ನೆಲ. ಬೆಂಗಳೂರಿನ ಬಿ.ಎಂ. ಕಾವಲ್, ಜಾರಕಬಂಡೆ ಕಾವಲ್ ಎಂಬ ಹೆಸರುಗಳಲ್ಲೂ ಇದೇ ಪದ ಇದೆ. ಹುಲ್ಲುಗಾವಲು ಕೂಡ ಹುಲ್ಲಿನ ಕಾವಲೇ; ಸಂಧಿಯಲ್ಲಿ ಕಕಾರ ಗಕಾರವಾಗಿದೆ.

ಗೋಮಾಳ ಇದಕ್ಕಿಂತ ಬೇರೆ, ಅದು ಊರಿನ ದನಗಳಿಗೆ. 1966ರ ಭೂಕಂದಾಯ ನಿಯಮಗಳ 97ನೇ ನಿಯಮದಂತೆ 100 ಜಾನುವಾರಿಗೆ 12 ಹೆಕ್ಟೇರ್ ಬಿಡಬೇಕು. 250 ದನಗಳಿರುವ ಊರಿಗೆ 30 ಹೆಕ್ಟೇರ್, ಅಂದರೆ ಸುಮಾರು 74 ಎಕರೆ. ಈ ಲೆಕ್ಕದ ಅಪಾಯವೂ ಸ್ಪಷ್ಟ: ದನಗಳ ಸಂಖ್ಯೆ ಇಳಿದಂತೆ ಗೋಮಾಳ ‘ಹೆಚ್ಚುವರಿ’ ಆಗುತ್ತದೆ, ಹೆಚ್ಚುವರಿ ಆದದ್ದು ಬೇರೆಯವರ ಪಾಲಾಗುತ್ತದೆ.

ಇನ್ನು ಬೀಳು, ಪಾಳು, ಬಂಜರು. ಈ ಮೂರನ್ನೂ ಒಂದೇ ಎಂಬಂತೆ ಬಳಸುವುದು ಪತ್ರಿಕೆಗಳಲ್ಲೂ ಸಾಮಾನ್ಯವಾಗಿದೆ. ಉಳುವ ನೆಲವನ್ನು ಉಳದೆ ಬಿಟ್ಟರೆ ಬೀಳು. ಕರಾವಳಿಯಲ್ಲಿ ಗದ್ದೆಗೆ ಹಡಿಲು ಎನ್ನುತ್ತಾರೆ. ಚೆನ್ನಾಗಿದ್ದದ್ದು ಕೈಬಿಟ್ಟು ಹಾಳಾದರೆ ಪಾಳು. ಏನೂ ಬೆಳೆಯದ್ದು ಬಂಜರು. ಎಂದೂ ಉಳದ ಹುಲ್ಲುಗಾವಲು ಈ ಮೂರರಲ್ಲಿ ಒಂದೂ ಅಲ್ಲ. ಪಹಣಿಯ ‘ಖರಾಬು’ ಕೂಡ ಕೆಟ್ಟ ನೆಲ ಎಂಬ ತೀರ್ಪಲ್ಲ. ‘ಅ’ ಖರಾಬು ಸರ್ವೆಯ ಹೊತ್ತಿಗೆ ಸಾಗುವಳಿಗೆ ಯೋಗ್ಯವಲ್ಲವೆಂದು ಗುರುತಿಸಿದ್ದು, ಕಣ ಅಥವಾ ಹೊಲಮನೆ ಇದ್ದದ್ದು. ‘ಬ’ ಖರಾಬು ದಾರಿ, ಹಳ್ಳ, ಕೆರೆ, ಸ್ಮಶಾನದಂಥ ಸಾರ್ವಜನಿಕ ಜಾಗ. ಅದು ಸರ್ವೆ ನಂಬರಿನೊಳಗೆ ಇದ್ದರೂ ಮಾರುವಂಥದ್ದಲ್ಲ. ಒಟ್ಟು 4 ಎಕರೆ, ‘ಬ’ ಖರಾಬು 12 ಗುಂಟೆ ಎಂದಿದ್ದರೆ ಉಳಿಯುವುದು 3 ಎಕರೆ 28 ಗುಂಟೆ.

ಬಾಬಾಬುಡನ್‌ಗಿರಿ, ಕುದುರೆಮುಖದ ನೆತ್ತಿಗಳನ್ನು ‘ಬೋಳುಗುಡ್ಡ’ ಎಂದು ಬರೆದಾಗ ಯಾರೋ ಮರ ಕಡಿದರು ಎಂಬ ಅರ್ಥ ಬಂದುಬಿಡುತ್ತದೆ. ಅಲ್ಲಿ ಹುಲ್ಲು ಸಹಜ. ತೆಳು ಮಣ್ಣು, ಬಿರುಗಾಳಿಗೆ ಹೊಂದಿಕೊಂಡದ್ದು, ಮರಗಳು ಕಣಿವೆಯ ಶೋಲಾ ಕಾಡುಗಳಲ್ಲಿ. ಹಾಗೆಯೇ ರಾಣೆಬೆನ್ನೂರಿನಲ್ಲಿ 119 ಚದರ ಕಿ.ಮೀ. ಅಭಯಾರಣ್ಯವನ್ನು 1974ರಲ್ಲಿ ಘೋಷಿಸಿದ್ದು ಕೃಷ್ಣಮೃಗಕ್ಕಾಗಿ. ದೂರದಿಂದಲೇ ಕಂಡು ಓಡಿ ಬದುಕುವ ಪ್ರಾಣಿ ಅದು. ಅದರ ನೆಲದಲ್ಲಿ ನೀಲಗಿರಿ ತೋಪು ಎದ್ದು ನಿಂತದ್ದು, ಮರವಿದ್ದರೆ ಮಾತ್ರ ಕಾಡು, ಇಲ್ಲದಿದ್ದರೆ ಖಾಲಿ ಎಂಬ ತಿಳಿವಳಿಕೆಯಿಂದ. ನಾಗರಹೊಳೆಯ ‘ಹಡ್ಲು’ ನೋಡಿದರೆ ಆ ತಿಳಿವಳಿಕೆ ಎಷ್ಟು ತಪ್ಪೆಂದು ಗೊತ್ತಾಗುತ್ತದೆ. ಕಾಡಿನ ನಡುವೆ ಜೌಗು ತಗ್ಗಿನಲ್ಲಿ ಹುಲ್ಲು ಹಸಿರಾಗಿರುವ ಆ ಬಯಲಿಗೇ ಕಾಟಿ, ಆನೆ, ಚುಕ್ಕೆಜಿಂಕೆ ಮೇಯಲು ಬರುತ್ತವೆ.

ಕರಾವಳಿಯ ‘ಪದವು’ ಇನ್ನೂ ಹೆಚ್ಚು ಮೋಸಹೋದ ನೆಲ. ಗುಡ್ಡದ ಮೇಲಿನ ಸಪಾಟಾದ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಹಾಸು ಅದು. ಮಂಗಳೂರಿನ ಪದವಿನಂಗಡಿಯ ಹೆಸರಿನಲ್ಲೂ ಉಳಿದಿದೆ. ಮಾರ್ಚ್‌ನಲ್ಲಿ ಹೋದವರಿಗೆ ಕಾದ ಕಪ್ಪುಕಲ್ಲು ಮಾತ್ರ ಕಂಡು, ಕಲ್ಲುಕೋರೆಗೆ ಲಾಯಕ್ಕು ಎನಿಸುತ್ತದೆ. ಮಳೆ ಹಿಡಿದ ಮೇಲೆ ಕಲ್ಲಿನ ಕುಳಿಗಳಲ್ಲಿ ನೀರು ನಿಂತು, ಬೆರಳುದ್ದದ ಮಣ್ಣಿನಲ್ಲೇ ಹುಳು ಹಿಡಿಯುವ ಯುಟ್ರಿಕ್ಯುಲೇರಿಯಾ ನೀಲಿಯಾಗಿ, ಎರಿಯೋಕಾಲಾನ್ ಬಿಳಿ ಗುಂಡಿಗಳಂತೆ ಹೂ ಬಿಡುತ್ತವೆ. ಪದವಿನ ಬಗ್ಗೆ ವರದಿ ಬರೆಯುವವರು ಆಗಸ್ಟ್–ಸೆಪ್ಟೆಂಬರಿನಲ್ಲಿ ಹೋಗಬೇಕು, ಅದೂ ಮೊಣಕಾಲೂರಿ ನೋಡಬೇಕು; ಈ ಗಿಡಗಳಲ್ಲಿ ಬಹಳಷ್ಟು ನಿಂತವರ ಕಣ್ಣಿಗೆ ಬೀಳದಷ್ಟು ಚಿಕ್ಕವು.