ಮೊದಲ ಹಾಡಿಗೆ ದೊಡ್ಡ ಸ್ಟುಡಿಯೋ ಬೇಕೇ?

ಸ್ವಂತ ಹಾಡು ಕಟ್ಟುವ ಹುಡುಗ ಹುಡುಗಿಯರು ನನ್ನನ್ನು ಮತ್ತೆ ಮತ್ತೆ ಕೇಳುತ್ತಾರೆ: "ಸರ್, ಮೊದಲ ರೆಕಾರ್ಡಿಂಗನ್ನು ದುಡ್ಡು ಕೂಡಿಸಿಕೊಂಡು ದೊಡ್ಡ ಸ್ಟುಡಿಯೋದಲ್ಲೇ ಮಾಡಿಸಬೇಕೇ?" ಬೇಕಿಲ್ಲ ಎಂಬುದು ನನ್ನ ಉತ್ತರ. ಯಂತ್ರದ ಮುಂದೆ ಕೂರುವವರಿಗೆ ನಿಮ್ಮ ಸದ್ದಿನ ಪರಿಚಯವಿದ್ದರೆ ಉಳಿದದ್ದನ್ನು ಸುಧಾರಿಸಿಕೊಳ್ಳಬಹುದು. ಹೀಗೆ ಧೈರ್ಯವಾಗಿ ಹೇಳಲು ಕಾರಣ ನ್ಯೂಜಿಲೆಂಡಿನ 'ದ ಕ್ಲೀನ್' ತಂಡ.

ಹೇಮಿಷ್ ಮತ್ತು ಡೇವಿಡ್ ಕಿಲ್ಗೌರ್ ಎಂಬ ಅಣ್ಣತಮ್ಮಂದಿರು, ಪೀಟರ್ ಗಟರಿಜ್ ಜೊತೆಗೂಡಿ, ದಕ್ಷಿಣ ದ್ವೀಪದ ಡನೀಡಿನ್ ಎಂಬ ಊರಿನಲ್ಲಿ 1978ರಲ್ಲಿ ಈ ತಂಡವನ್ನು ಕಟ್ಟಿದರು. ಹೇಮಿಷ್ ಡ್ರಮ್ಸ್, ಡೇವಿಡ್ ಗಿಟಾರ್. ಬಂದುಹೋಗುವವರು ಹಲವರಿದ್ದರು, 1980ರಲ್ಲಿ ಬಾಸ್ ಹಿಡಿದು ರಾಬರ್ಟ್ ಸ್ಕಾಟ್ ಬಂದ ಮೇಲೆ ತಂಡ ಒಂದು ನೆಲೆಗೆ ಬಂತು.

ಕ್ರೈಸ್ಟ್‌ಚರ್ಚಿನ ರೆಕಾರ್ಡ್ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ರಾಜರ್ ಶೆಪರ್ಡ್ 1981ರಲ್ಲಿ 'ಫ್ಲೈಯಿಂಗ್ ನನ್' ಎಂಬ ಸಣ್ಣ ರೆಕಾರ್ಡ್ ಕಂಪನಿಯನ್ನು ಆರಂಭಿಸಿದರು. ಅದರ ಎರಡನೆಯ ಪ್ರಕಟಣೆಯೇ 'ದ ಕ್ಲೀನ್' ತಂಡದ 'ಟ್ಯಾಲಿ ಹೋ!'. ಅದೇ ಊರಿನ ಸಣ್ಣ ಸ್ಟುಡಿಯೋವೊಂದರಲ್ಲಿ 100 ಡಾಲರಿಗೂ ಕಡಿಮೆ ಖರ್ಚಿನಲ್ಲಿ ತಯಾರಾದ, 'ದ ಚಿಲ್ಸ್' ತಂಡದ ಮಾರ್ಟಿನ್ ಫಿಲಿಪ್ಸ್ ಕೀಬೋರ್ಡ್ ನುಡಿಸಿದ ಆ ಹಾಡು ದೇಶದ ಮಾರಾಟ ಪಟ್ಟಿಯಲ್ಲಿ 19ನೆಯ ಸ್ಥಾನಕ್ಕೇರಿತು. ಹಾಡು ಚೆನ್ನಾಗಿದೆ, ಆದರೆ ಅದರಲ್ಲಿ ಕೀಬೋರ್ಡ್ ಮುಂದೆ ನಿಂತು ಡೇವಿಡ್ ಅವರ ಗಿಟಾರನ್ನು ಮರೆಮಾಡುತ್ತದೆ ಎಂದು ನನಗೆ ಅನ್ನಿಸುತ್ತದೆ.

ಆ ಗಿಟಾರ್ ನಿಜವಾಗಿ ಕೇಳಿಸಿದ್ದು ಅದೇ ವರ್ಷ ಬಂದ, ಐದು ಹಾಡುಗಳ 'ಬೂಡ್ಲ್ ಬೂಡ್ಲ್ ಬೂಡ್ಲ್' ರೆಕಾರ್ಡಿನಲ್ಲಿ. ಅದನ್ನು ಆಕ್ಲೆಂಡಿನಲ್ಲಿ ಧ್ವನಿಮುದ್ರಿಸಿದವರು ಕ್ರಿಸ್ ನಾಕ್ಸ್ ಮತ್ತು ಡಗ್ ಹುಡ್. ನಾಕ್ಸ್ ಡನೀಡಿನ್ನಿನ ಪಂಕ್ ತಂಡ 'ದ ಎನಿಮಿ'ಯಲ್ಲಿ ಹಾಡಿದವರು, ಹಾಗಾಗಿ ಅದೇ ಊರಿನ 'ದ ಕ್ಲೀನ್' ತಂಡದ ಸದ್ದು ಅವರಿಗೆ ಹೊಸದಲ್ಲ. ತಮ್ಮ ಮುಂದಿನ ತಂಡ 'ಟಾಯ್ ಲವ್' 1980ರಲ್ಲಿ ಸಿಡ್ನಿಯ ದೊಡ್ಡ ಸ್ಟುಡಿಯೋದಲ್ಲಿ ಮಾಡಿದ ಆಲ್ಬಮ್ ವೇದಿಕೆಯ ಕಸುವನ್ನೆಲ್ಲ ಕಳೆದುಕೊಂಡಿತ್ತೆಂಬ ಬೇಸರ ಅವರಿಗಿತ್ತು. ಆಮೇಲೆ ಅವರು ಕೊಂಡದ್ದು ಟೀಯಾಕ್ ಕಂಪನಿಯ ನಾಲ್ಕು ಟ್ರ್ಯಾಕಿನ, ಅಂದರೆ ನಾಲ್ಕು ಸದ್ದುಗಳನ್ನು ಬೇರೆಬೇರೆಯಾಗಿ ಹಿಡಿಯುವ, ಟೇಪ್ ಯಂತ್ರವನ್ನು; 'ಬೂಡ್ಲ್' ಮುದ್ರಿಸಿದ್ದು ಅದರಲ್ಲೇ. ನಾಲ್ಕು ಟ್ರ್ಯಾಕ್ ತುಂಬಿದ ಮೇಲೆ ಇನ್ನೊಂದು ಸದ್ದು ಸೇರಿಸಬೇಕೆಂದರೆ ಹಿಂದಿನವುಗಳನ್ನು ಬೆರೆಸಿ ಒಂದಕ್ಕೆ ಇಳಿಸಬೇಕು, ಬೆರೆಸಿದ್ದನ್ನು ಮತ್ತೆ ಬಿಡಿಸಲಾಗದು. ಅಂಥ ಯಂತ್ರದಲ್ಲಿ ಅಲಂಕಾರಕ್ಕೆ ಎಡೆಯಿಲ್ಲ. ಮೂವರು ಒಟ್ಟಿಗೆ ನುಡಿಸುವಾಗ ಹುಟ್ಟುವ ಬಿಸಿಯೇ ಟೇಪಿನ ಮೇಲೆ ಉಳಿಯುತ್ತದೆ. ಈ ರೆಕಾರ್ಡ್ ಪಟ್ಟಿಯಲ್ಲಿ 5ನೆಯ ಸ್ಥಾನಕ್ಕೇರಿ, ಸುಮಾರು ಅರ್ಧ ವರ್ಷ ಅಲ್ಲಿಯೇ ಇತ್ತು.

ಅದಕ್ಕೇ ಹೇಳುತ್ತೇನೆ, ಸ್ಟುಡಿಯೋದ ಬಾಡಿಗೆ ವಿಚಾರಿಸುವ ಮೊದಲು ಈ ಪುಟ್ಟ ರೆಕಾರ್ಡಿನ ಕೊನೆಯ ಹಾಡು 'ಪಾಯಿಂಟ್ ದಟ್ ಥಿಂಗ್ ಸಮ್‌ವೇರ್ ಎಲ್ಸ್' ಅನ್ನು ಕೇಳಿ: ಐದು ನಿಮಿಷಕ್ಕೂ ಮಿಕ್ಕಿ, ತಂಬೂರಿಯ ಶ್ರುತಿಯಂತೆ ಬಿಡದೆ ಮೊರೆಯುವ ಗಿಟಾರ್, ಅದರಡಿಯಲ್ಲಿ ಒಂದೇ ಸಮನೆ ಓಡುವ ಡ್ರಮ್ಸ್.