‘ರನ್’ ಎಂಬ ಪದವನ್ನು ನೀರಿನಿಂದ ಕಲಿಯಬೇಕು

1989ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಅತಿ ದೀರ್ಘ ವಿವರಣೆ ಪಡೆದಿದ್ದ ಪದ ‘ಸೆಟ್’. ಮೂರನೆಯ ಆವೃತ್ತಿಗಾಗಿ ಪರಿಷ್ಕರಣೆ ಸಾಗುತ್ತಿದ್ದಂತೆ, 2011ರ ಹೊತ್ತಿಗೆ ಆ ಸ್ಥಾನ ‘ರನ್’ ಪದಕ್ಕೆ ಸಂದಿತು. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥಗಳನ್ನು ಗುರುತಿಸಲಾಗಿದ್ದು, ನಿಘಂಟಿನ ಸಂಪಾದಕರಲ್ಲಿ ಒಬ್ಬರಾದ ಪೀಟರ್ ಗಿಲಿವರ್ ಈ ಒಂದೇ ಪದಕ್ಕೆ ಸುಮಾರು ಒಂಬತ್ತು ತಿಂಗಳು ವ್ಯಯಿಸಿದರು.

ಈ ಸಂಖ್ಯೆಯನ್ನು ಕೇಳಿ ಇಂಗ್ಲಿಷ್ ಕಲಿಯುವವರು ಎದೆಗುಂದಬೇಕಾಗಿಲ್ಲ. ನಮ್ಮ ಶಾಲೆಗಳಲ್ಲಿ ‘ರನ್ ಎಂದರೆ ಓಡು’ ಎಂದು ಮೊದಲು ಹೇಳಿಕೊಟ್ಟು, ಉಳಿದ ಬಳಕೆಗಳನ್ನೆಲ್ಲ ಬಾಯಿಪಾಠ ಮಾಡಿಸುವುದರಿಂದಲೇ ಅವು ಒಂದಕ್ಕೊಂದು ಸಂಬಂಧವಿಲ್ಲದವುಗಳಂತೆ ತೋರುತ್ತವೆ. ಹಳೆಯ ಇಂಗ್ಲಿಷಿನಲ್ಲಿ ಈ ಕ್ರಿಯಾಪದವು ಕಾಲಿನ ಓಟಕ್ಕೂ ನೀರಿನ ಹರಿವಿಗೂ ಸಮಾನವಾಗಿ ಸಲ್ಲುತ್ತಿತ್ತು. ಅದರ ಬಳಗಕ್ಕೆ ಸೇರಿದ ಜರ್ಮನ್ ಭಾಷೆಯ ‘ರಿನ್ನೆನ್’ ಇಂದಿಗೂ ಹರಿಯುವುದನ್ನೇ ಸೂಚಿಸುತ್ತದೆ. ನದಿ, ನಲ್ಲಿ, ನೆಗಡಿಯಾದವರ ಮೂಗು, ಒಗೆದಾಗ ಬಣ್ಣ ಬಿಡುವ ಬಟ್ಟೆ ಇವೆಲ್ಲವೂ ಇಂಗ್ಲಿಷಿನಲ್ಲಿ ‘ರನ್’ ಆಗುವುದು ಈ ಕಾರಣದಿಂದಲೇ. ತಡೆಯಿಲ್ಲದೆ ಸಾಗುವುದೆಂಬ ಭಾವ ಒಮ್ಮೆ ಮನಸ್ಸಿನಲ್ಲಿ ನೆಲೆಗೊಂಡರೆ, ಯಂತ್ರ, ಕಂಪ್ಯೂಟರಿನ ಪ್ರೋಗ್ರಾಮ್, ತಿಂಗಳುಗಟ್ಟಲೆ ಪ್ರದರ್ಶನ ಕಾಣುವ ನಾಟಕ ಇವುಗಳಿಗೂ ಅದೇ ಪದ ಏಕೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಕನ್ನಡಿಗರಿಗೆ ಇದು ಇನ್ನೂ ಸುಲಭವಾಗಬೇಕು. ಹಳಗನ್ನಡದ ‘ಪರಿ’ ಎಂಬ ಧಾತುವಿಗೆ ಓಡು, ಹರಿ ಎಂಬ ಎರಡೂ ಅರ್ಥಗಳಿವೆ. ಕಾವ್ಯಗಳಲ್ಲಿ ‘ಪರಿತಂದು’ ಎಂದರೆ ಓಡಿ ಬಂದು ಎಂದೇ ಅರ್ಥ. ಅದು ಹೊಸಗನ್ನಡದಲ್ಲಿ ‘ಹರಿ’ಯಾಗಿ ಮುಖ್ಯವಾಗಿ ನೀರಿನ ಪಾಲಾದರೂ, ಹಳೆಯ ಚಲನೆಯನ್ನು ಪೂರ್ತಿ ಬಿಟ್ಟುಕೊಟ್ಟಿಲ್ಲ. ಹಾವು ಹರಿದುಹೋಗುತ್ತದೆ, ಪತ್ರಿಕೆಗಳು ‘ಲಾರಿ ಹರಿದು ಬೈಕ್ ಸವಾರ ಸಾವು’ ಎಂದು ಬರೆಯುತ್ತವೆ. ಇಂಗ್ಲಿಷಿನವರು ‘ರನ್ ಓವರ್’ ಎನ್ನುವ ಕಡೆ ನಾವು ಯಾರಿಂದಲೂ ಎರವಲು ಪಡೆಯದೆ ನೀರಿನ ಕ್ರಿಯಾಪದವನ್ನೇ ಬಳಸುತ್ತೇವೆ ಎಂಬುದು ನನಗೆ ಬಹಳ ಸಂತೋಷ ಕೊಡುವ ಸಂಗತಿ.

ಎಲ್ಲ ಕಡೆಯೂ ದಾರಿಗಳು ಹೀಗೆ ಕೂಡುವುದಿಲ್ಲ. ಸಿನಿಮಾ ನಮ್ಮಲ್ಲಿಯೂ ನೂರು ದಿನ ‘ಓಡುತ್ತದೆ’, ಆದರೆ ಅಂಗಡಿಯನ್ನೂ ಸಂಸಾರವನ್ನೂ ನಾವು ಓಡಿಸುವುದಿಲ್ಲ, ‘ನಡೆಸುತ್ತೇವೆ’. ಕ್ರಿಕೆಟ್ಟಿನಲ್ಲಂತೂ ಚೆಂಡು ಗೆರೆ ದಾಟಿದರೆ ಬ್ಯಾಟುಗಾರ ಓಡದೆಯೇ ನಾಲ್ಕು ‘ರನ್’ ಗಳಿಸುತ್ತಾನೆ; ಅಲ್ಲಿ ಪದವು ಓಟವನ್ನು ಬಿಟ್ಟು ಲೆಕ್ಕವನ್ನು ಮಾತ್ರ ಉಳಿಸಿಕೊಂಡಿದೆ.

ನನಗೆ ಎಲ್ಲಕ್ಕಿಂತ ಕುತೂಹಲಕರವಾಗಿ ಕಂಡಿರುವುದು ಚುನಾವಣೆಯ ಬಳಕೆ. ಅಮೆರಿಕದ ಅಭ್ಯರ್ಥಿ ಅಧ್ಯಕ್ಷ ಪದವಿಗೆ ‘ರನ್’ ಮಾಡುತ್ತಾರೆ. ಬ್ರಿಟನ್ನಿನ ಅಭ್ಯರ್ಥಿ ಪಾರ್ಲಿಮೆಂಟಿಗೆ ‘ಸ್ಟ್ಯಾಂಡ್’ ಆಗುವುದೇ ಹಿಂದಿನಿಂದ ಬಂದ ರೂಢಿ. ಒಂದೇ ಭಾಷೆಯನ್ನಾಡುವ ಎರಡು ದೇಶಗಳಲ್ಲಿ ಒಬ್ಬರು ಓಡುವ ಕಡೆ ಮತ್ತೊಬ್ಬರು ನಿಲ್ಲುತ್ತಾರೆ. ಗ್ರಾಮ ಪಂಚಾಯಿತಿಯಿಂದ ಲೋಕಸಭೆಯವರೆಗೆ ಚುನಾವಣೆಗೆ ‘ನಿಲ್ಲುವ’ ನಾವು ಈ ವಿಷಯದಲ್ಲಿ ಬ್ರಿಟಿಷರ ಜೊತೆಗಿದ್ದೇವೆ.